ಕೈ ಹಚ್ಚಿದವರ ಪಾಲು

ಗೌರಾಬಾಯಿ ಕಾಕು ಪುಣೆಗೆ ಬಂದದ್ದು ರೊಟ್ಟಿ ಮಾರಲು ಅಲ್ಲ, ಕಾಂಕ್ರೀಟಿನ ಬುಟ್ಟಿ ಹೊರಲು. ಯಾದಗಿರಿ ಕಡೆಯ ಹಳ್ಳಿಯಿಂದ ಗಂಡ ಫಕೀರಪ್ಪನವರ ಜೊತೆ ಬಂದು, ತಳೇಗಾಂವದಲ್ಲಿ ಏಳುತ್ತಿದ್ದ ಕಟ್ಟಡಗಳ ಬುಡದಲ್ಲಿ ತಗಡಿನ ಮನೆ ಹಾಕಿಕೊಂಡಿದ್ದರು. ಸಂಜೆ ಅವರು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅಕ್ಕಪಕ್ಕದ ಗಂಡಾಳುಗಳು ತಾಟು ಹಿಡಿದು ಬರುತ್ತಿದ್ದರಂತೆ. "ಬುಟ್ಟಿ ಹೊತ್ರ ಕುತ್ತಿಗಿ ಹೋಗ್ತದ, ರೊಟ್ಟಿ ಬಡದ್ರ ಕೈ ಹೋಗ್ತದ. ಕುತ್ತಿಗಿಕಿಂತ ಕೈ ಹೋಗೂದು ಚಲೋ ಅಂತ ಈ ಕೆಲಸ ಹಿಡದೆ" ಎಂದು ಕಾಕು ನಗುತ್ತಿದ್ದರು. ಆಗ ಅವರ ಜೊತೆ ರೊಟ್ಟಿ ಬಡಿಯುವ ನಾವೂ ನಗುತ್ತಿದ್ದೆವು.

ಈಗ ನಮ್ಮದು ದೊಡ್ಡ ಶೆಡ್ಡು, ಸಾಲಾಗಿ ಹಂಚುಗಳು. ನಮ್ಮ ಖಡಕ್ ರೊಟ್ಟಿ ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಗಳಿಗೆ ಹೋಗುತ್ತದೆ. ಸ್ವಾರಗೇಟದಲ್ಲಿ ಊರಿನ ಬಸ್ಸು ಹತ್ತುವವರು ಕಟ್ಟುಗಟ್ಟಲೆ ಒಯ್ಯುತ್ತಾರೆ. ಫೋನಿನಲ್ಲಿ ಬರುವ ಆರ್ಡರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ನಾನೂ ರೊಟ್ಟಿ ಬಡಿಯುತ್ತೇನೆ. ನನ್ನ ಮಗಳು ಶಿವಾನಿ ಹಿಟ್ಟಿನ ಚೀಲಗಳ ಮಧ್ಯೆ ಅಂಬೆಗಾಲಿಟ್ಟು, ಅಲ್ಲಿಯೇ ಎದ್ದು ನಿಂತು ನಡೆಯಲು ಕಲಿತಳು.

ಇಲ್ಲಿ ಯಾರಿಗೂ ಪಗಾರವಿಲ್ಲ. ಕಾಕುವಿನ ತವರಿನಲ್ಲಿ ಜೋಳದ ರಾಶಿಯಾದಾಗ ದುಡಿದ ಎಲ್ಲರಿಗೂ ಕಣದಲ್ಲಿಯೇ, ಎಲ್ಲರ ಕಣ್ಣೆದುರಿಗೇ ಪಾಲು ಅಳೆಯುತ್ತಿದ್ದರಂತೆ. ಕಾಕು ಅದನ್ನೇ ಶೆಡ್ಡಿಗೆ ತಂದರು. ಅಮಾವಾಸ್ಯೆಯ ದಿನ ಒಲೆ ಹಚ್ಚುವುದಿಲ್ಲ. ಹಿಟ್ಟು, ಕಟ್ಟಿಗೆ, ಬಾಡಿಗೆ, ಆಟೋ ಎಲ್ಲ ಕಳೆದು ಉಳಿದದ್ದನ್ನು ಬ್ಯಾಂಕಿನಿಂದ ತಂದು, ಕಂಬಳಿ ಹಾಸಿ ಗುಡ್ಡೆ ಹಾಕುತ್ತೇವೆ. ಹಂಚು ಒಡೆದರೆ ಇರಲೆಂದು ಹಂಚಿಗೊಂದು ಪಾಲು, ಉಳಿದದ್ದು ನಮಗೆ. ಕಾಕುಗೂ ನಮ್ಮಷ್ಟೇ.

"ಫೋನಿಗೇ ಹಾಕಿಬಿಡ್ರಿ ಕಾಕು, ಈ ಗುಡ್ಡಿ ಯಾಕ?" ಎಂದು ನನ್ನ ಪಕ್ಕದ ಹಂಚಿನ ಸುಮಂಗಲಾ ಒಮ್ಮೆ ಕೇಳಿದ್ದಳು.

"ಫೋನಿನ್ಯಾಗ ಬಾಜೂದಾಕಿ ಪಾಲು ಕಾಣ್ತದೇನು? ಕಾಣಲಿಲ್ಲಂದ್ರ ಹೊಟ್ಟಿಕಿಚ್ಚು ಹುಟ್ಟತದ."

ಪಕ್ಕದಲ್ಲಿಯೇ ಒಬ್ಬ ವ್ಯಾಪಾರಿ ಶೆಡ್ಡು ತೆರೆದು ಹೆಚ್ಚಿನ ಪಗಾರದ ಆಸೆ ತೋರಿಸಿದಾಗಲೂ ನಮ್ಮಲ್ಲಿ ಒಬ್ಬಳೂ ಎದ್ದು ಹೋಗಲಿಲ್ಲ. "ಅವನ ರೊಟ್ಟಿ ಸುಟ್ರ ನನಗೇನು? ಇಲ್ಲಿ ರೊಟ್ಟಿ ಸುಟ್ರ ನನ್ನ ಹೊಟ್ಟೀನೇ ಸುಡ್ತದ" ಎಂದವಳು ಅದೇ ಸುಮಂಗಲಾ. ಅವನ ಶೆಡ್ಡು ಮುಚ್ಚಿತು. ನಮ್ಮದು ಬೆಳೆಯಿತು.

ಕಟ್ಟಳೆ ಒಂದೇ: ಕೈ ಹಚ್ಚಿದವರಿಗೆ ಪಾಲು. ಫಕೀರಪ್ಪನವರು ಒಮ್ಮೆ, "ಶೆಡ್ಡು ಹುಡುಕಿಕೊಟ್ಟಾಂವ ನಾನು, ನನಗೂ ಒಂದು ಪಾಲಿಡು" ಎಂದರಂತೆ. "ಹುಡುಕಿದಿ ಖರೆ. ರೊಟ್ಟಿ ಬಡದಿಯೇನು?" ಎಂದು ಕಾಕು ಅವರನ್ನು ವಾಚಮನ್ ಕೆಲಸಕ್ಕೆ ಕಳಿಸಿದರು.

ಶಿವಾನಿ ಹುಟ್ಟಿದ ತಿಂಗಳು ನಾನು ಒಂದು ದಿನವೂ ಶೆಡ್ಡಿಗೆ ಹೋಗಿರಲಿಲ್ಲ. ಅಮಾವಾಸ್ಯೆಯಂದು ಕಾಕು ಡಬ್ಬಿಯಲ್ಲಿ ನಾದಿದ ಹಿಟ್ಟು ಹಿಡಿದು ಮನೆಗೆ ಬಂದರು. ಬಾಣಂತಿ ಕೋಣೆಯಲ್ಲಿ ನನ್ನ ಬೆರಳು ಹಿಡಿದು ಹಿಟ್ಟಿನ ಮೇಲೆ ಒತ್ತಿಸಿ, "ಕೈ ಹಚ್ಚಿದಿ. ಮುಗೀತು" ಎಂದು ಪಾಲನ್ನು ತಲೆದಿಂಬಿನ ಕೆಳಗಿಟ್ಟು ಹೋದರು.

ಯುಗಾದಿ ಕಳೆದ ಮೇಲೆ ಕಾಕುಗೆ ಲಕ್ವಾ ಹೊಡೆಯಿತು. ಕಾಲು ಚೇತರಿಸಿಕೊಂಡಿತು, ಬಲಗೈ ಏಳಲಿಲ್ಲ. ದಿನಾ ಕೈಗೆ ವ್ಯಾಯಾಮ ಮಾಡಿಸಬೇಕು, ಬಿಟ್ಟರೆ ಹೀಗೇ ಸೆಟೆದು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಮಾಡಿಸುವವಳು ಮನೆಗೆ ಬರಬೇಕು, ಅವಳಿಗೆ ದುಡ್ಡು ಕೊಡಬೇಕು. ಫಕೀರಪ್ಪನವರ ಪಗಾರದಲ್ಲಿ ಅದು ಆಗದ ಮಾತು. ಹಿಂದಿನ ಅಮಾವಾಸ್ಯೆಗೆ, ಬೀಳುವ ಮೊದಲು ದುಡಿದ ದಿನಗಳಿದ್ದವು. ಆ ಪಾಲು ತೆಗೆದುಕೊಂಡರು. ಈ ತಿಂಗಳು ಕಾಕು ಒಂದು ರೊಟ್ಟಿಯನ್ನೂ ಬಡಿದಿಲ್ಲ.

ಹಾಗಾಗಿ ಇವತ್ತಿನ ಅಮಾವಾಸ್ಯೆಗೆ ನಾನು ಮನೆಯಿಂದಲೇ ಹಿಟ್ಟು ನಾದಿ ಡಬ್ಬಿಯಲ್ಲಿ ಒಯ್ದೆ.

ಕಾಕು ಗಂಡನ ಹೆಗಲು ಹಿಡಿದು ಬಂದು ಕಂಬಳಿಯ ಪಕ್ಕ ಕುಳಿತಿದ್ದರು. ಸುಮಂಗಲಾ ಪಾಲು ಹಾಕುತ್ತ ಎಂದಿನಂತೆ ಕಾಕುವಿನದನ್ನೂ ಹಾಕಿದಳು.

"ಇದು ಯಾರ್ದು?" ಎಂದರು ಕಾಕು.

"ನಿಮ್ದೇರಿ."

"ನಾ ಏನ್ ಮಾಡೀನಿ?"

ನಾನು ಡಬ್ಬಿ ತೆರೆದು ಅವರ ಮುಂದೆ ಇಟ್ಟೆ. ನೋಡಿ ಕಾಕು ಹಲ್ಲು ಬಿಟ್ಟು ನಕ್ಕರು. ನಗು ಒಂದೇ ಕಡೆಗೆ ಹೋಯಿತು.

"ನೋಡ್ರಿ ಈ ರೇಣೂನ! ನನ್ನ ಆಟ ನನಗೇ ಆಡಸ್ತಾಳ."

"ಒಂದು ಬೆರಳು ಹಚ್ರಿ ಕಾಕು, ಸಾಕು."

ಅವರು ಬೆರಳು ಹಚ್ಚಲಿಲ್ಲ. ಇಡೀ ಉಂಡೆಯನ್ನು ತೆಗೆದು ನೆಲದ ಮೇಲೆ ಹಿಟ್ಟು ಉದುರಿಸಿ, ಎಡಗೈಯಲ್ಲಿ ಬಡಿಯತೊಡಗಿದರು. ಬಡಿದರೆ ರೊಟ್ಟಿ ತಿರುಗಬೇಕು. ಅದು ತಿರುಗಲಿಲ್ಲ. ಒಂದು ಕಡೆ ದಪ್ಪ ಉಳಿದು ಇನ್ನೊಂದು ಕಡೆ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದರು. ಮತ್ತೆ ಹರಿಯಿತು. ಶಿವಾನಿ ಚಪ್ಪಾಳೆ ತಟ್ಟಿದಳು. ನಾನು ಅವಳನ್ನು ಎತ್ತಿಕೊಂಡೆ.

"ಇದು ಮಾರೂ ರೊಟ್ಟಿ ಅಲ್ಲ" ಎಂದು ಕಾಕು ಕೈ ಒರೆಸಿಕೊಂಡರು.

"ನನಗ ಅವತ್ತು ಬರೇ ಬೆರಳಿಗೆ ಪಾಲು ಕೊಟ್ಟಿದ್ರಿ."

"ನೀ ನಾಳಿ ಕೆಲಸಕ್ಕ ಬರಾಕಿ ಇದ್ದಿ ಯವ್ವಾ. ನಾ ಬರಾಕಿ ಅಲ್ಲ."

"ಹಂಚಿನ ಪಾಲಾರ ತಗೋರಿ" ಎಂದಳು ಸುಮಂಗಲಾ.

"ನಾ ಏನ್ ಹಂಚೇನ?"

ನನಗೆ ಸಿಟ್ಟು ಬಂತು. "ಕಣದಾಗ ಮುದಿ ಎತ್ತಿಗೂ ಮೇವು ಹಾಕ್ತಾರಿ ಕಾಕು!"

"ಹೌದು. ಮೇವು ಹಾಕ್ತಾರ. ಪಾಲು ಕೊಡಂಗಿಲ್ಲ. ಇವತ್ತು ನನಗ ಕೊಟ್ರ, ನಾಳಿ ಸುಮಂಗಲಾನ ಮಾವಗ, ನಾಡದು ನಿನ್ನ ಮೈದುನಗ. ಹಂಗ ಮಾಡಿದ್ರ ಶೆಡ್ಡು ಉಳೀತದೇನು?"

ಇಂಥ ಮಾತು ಆಡಿಯೇ ಅವರು ಈ ಶೆಡ್ಡು ಕಟ್ಟಿದ್ದರು. ನಾವೆಲ್ಲ ಅದನ್ನು ಒಪ್ಪಿಯೇ ಉಂಡಿದ್ದೆವು. ಕಾಕು ಹೇಳಿದಂತೆ ಸುಮಂಗಲಾ ಅವರ ಪಾಲನ್ನು ಬಿಡಿಸಿ, ನಮ್ಮೆಲ್ಲರ ಪಾಲಿನ ಮೇಲೆ ಇಷ್ಟಿಷ್ಟು ಇಟ್ಟಳು. ಇಡುವಾಗ ಅಳುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ. ಅಂದಿದ್ದರೂ ಕಾಕು ಕೇಳುತ್ತಿರಲಿಲ್ಲ.

ಹೊರಗೆ ಫಕೀರಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ನನ್ನ ಪಾಲನ್ನು ಅವರ ಜೇಬಿಗೆ ತುರುಕಲು ನೋಡಿದೆ. ಅವರು ನನ್ನ ಕೈ ಹಿಡಿದುಕೊಂಡರು. "ಬ್ಯಾಡವ್ವಾ. ಅಕಿಗೆ ಗೊತ್ತಾದ್ರ ಉಣ್ಣೂದೂ ಬಿಡ್ತಾಳ. ಈಗರ ಉಣ್ಣಲಿಕತ್ತಾಳ."

"ಹಂಗಾದ್ರ ಕೈ, ಕಾಕಾ?"

ಅವರು ಬಗ್ಗಿ ಕಾಕುವಿನ ಚಪ್ಪಲಿ ಜೋಡಿಸಿಟ್ಟರು.

ಒಳಗಿನಿಂದ ಕಾಕು ಕೂಗಿದರು, "ರೇಣು, ನನ್ನ ಮೇವು ಎಲ್ಲಿ?"

ನಿನ್ನೆಯ ಕಟ್ಟಿನಿಂದ ಎರಡು ಖಡಕ್ ರೊಟ್ಟಿ ತೆಗೆದು ಶೇಂಗಾ ಚಟ್ನಿ ಹಿಂಡಿಯ ಜೊತೆ ಕೊಟ್ಟೆ. ಕಾಕು ಒಂದನ್ನು ಎಡಗೈಯಲ್ಲಿ ಹಿಡಿದು ಮುರಿಯಲು ನೋಡಿದರು. ಖಡಕ್ ರೊಟ್ಟಿಗೆ ಎರಡು ಕೈ ಬೇಕು. ನಾನು ಕೈ ಚಾಚಿದೆ.

"ಇರಲಿ ಬಿಡು" ಎಂದು ಅವರು ರೊಟ್ಟಿಯನ್ನು ಮೊಣಕಾಲಿಗೆ ಒತ್ತಿ ಹಿಡಿದರು. ಅದು ಚೂರಾಗಿ ಸೀರೆಯ ತುಂಬ ಬಿತ್ತು. ಶಿವಾನಿ ಬಗ್ಗಿ ಒಂದೊಂದೇ ಚೂರು ಹೆಕ್ಕಿ ಅವರ ಬಾಯಿಗೆ ಇಡತೊಡಗಿದಳು. ಅವಳಿಗೆ ಕಾಕು ಬೇಡ ಅನ್ನಲಿಲ್ಲ.