ಶಾರ್ಟ್‌ಕಟ್ ಅಕ್ಕನ ಬೆರಳುಗಳು

ಫೈಲ್ ಸೇವ್ ಮಾಡಲೆಂದು ಅವಳು ಎರಡು ಕೀಗಳನ್ನು ಒಟ್ಟಿಗೆ ಒತ್ತಿದಳು. ಫೈಲ್ ಸೇವ್ ಆಗಲಿಲ್ಲ. ಸಾಲಿನ ತುದಿಯಲ್ಲಿ ‘ಎಸ್’ ಅಕ್ಷರವೊಂದು ಬಂದು ಕೂತಿತು. ಅಳಿಸಿ ಮತ್ತೆ ಒತ್ತಿದಳು. ಇನ್ನೊಂದು ‘ಎಸ್’. ಕೀಬೋರ್ಡ್ ಕೆಟ್ಟಿರಬೇಕೆಂದು ಅದನ್ನು ತಲೆಕೆಳಗು ಮಾಡಿ ಕೊಡವಿದಳು. ನಾಲ್ಕು ಬಿಸ್ಕತ್ತಿನ ಚೂರು ಉದುರಿದವು, ಅಷ್ಟೆ. ಆಮೇಲೆ ತನ್ನ ಎಡಗೈಯ ಕಿರುಬೆರಳನ್ನು ನೋಡಿದಳು. ಅದು ಕಂಟ್ರೋಲ್ ಕೀಯ ಮೇಲೆ, ಒತ್ತುವ ಮನಸ್ಸೇ ಇಲ್ಲದಂತೆ, ಸುಮ್ಮನೆ ಮಲಗಿತ್ತು.

ಆಗ ಅವಳಿಗೆ ನಲವತ್ತನಾಲ್ಕು ವರ್ಷ. ರೈಲುಗಳ ವೇಳಾಪಟ್ಟಿ ಹೊಂದಿಸುವ ಸಾಫ್ಟ್‌ವೇರ್ ಬರೆಯುವ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಶಾರ್ಟ್‌ಕಟ್ ಅಕ್ಕ. ಮೌಸ್ ಕಂಡರೆ ಅವಳಿಗಾಗದು. ಕೈಯನ್ನು ಕೀಬೋರ್ಡಿನಿಂದ ಎತ್ತಿ ಮೌಸ್ ಹಿಡಿದು ಮತ್ತೆ ವಾಪಸ್ ತರುವಷ್ಟರಲ್ಲಿ ಯೋಚನೆಯ ಎಳೆ ತುಂಡಾಗುತ್ತದೆ ಎನ್ನುತ್ತಿದ್ದಳು. ಪ್ರೋಗ್ರಾಂ ಬರೆಯುವ ಎಡಿಟರನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ತನ್ನದೇ ಮಾಡಿಕೊಂಡಿದ್ದಳು. ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ಒಂದು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಟ್ಟಿದ್ದಳು. ಎಡಿಟರಿಗೆ ಇಲ್ಲದ ಬುದ್ಧಿಯನ್ನು ಹೊರಗಿನಿಂದ ಸೇರಿಸುವ ಪ್ಲಗಿನ್‌ಗಳು ಬೇರೆ, ಹದಿನೇಳು ಇದ್ದವು. ಒಮ್ಮೆ ಪಕ್ಕದ ಸೀಟಿನವನು ಅವಳ ಯಂತ್ರದಲ್ಲಿ ಏನೋ ನೋಡಲು ಹೋಗಿ ಒಂದೇ ಒಂದು ಕೀ ಮುಟ್ಟಿದ್ದಕ್ಕೆ ಪರದೆ ನಾಲ್ಕು ಹೋಳಾಗಿ, ಅರ್ಧ ಫೈಲ್ ಮಾಯವಾಯಿತು.

“ಅಕ್ಕಾ, ಇದೇನು ಕೀಬೋರ್ಡಾ, ಬಾಂಬಾ?” ಎಂದು ಅವನು ಕುರ್ಚಿಯಿಂದ ಹಾರಿ ಎದ್ದಿದ್ದ. ಬಾಯಿಗೆ ಬಿಡುವೇ ಇಲ್ಲದ ಅವನನ್ನು ಕಚೇರಿಯವರು ವಟವಟ ಎಂದೇ ಕರೆಯುತ್ತಿದ್ದರು.

ನರಗಳ ಡಾಕ್ಟರು ಹೆಂಗಸು, ಮೆತ್ತಗೆ ಮಾತಾಡುವವರು. ಎರಡು ವಾರದ ಪರೀಕ್ಷೆಗಳ ನಂತರ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

“ನೋವಿನ ಕಾಯಿಲೆ ಅಲ್ಲ ಇದು. ನರ ಬೆರಳಿಗೆ ಸುದ್ದಿ ಮುಟ್ಟಿಸೋದನ್ನ ನಿಲ್ಲಿಸುತ್ತೆ. ಒಂದೊಂದೇ ಬೆರಳು.”

“ಔಷಧಿ?” ಎಂದ ಗಂಡ.

“ನಿಧಾನ ಮಾಡೋದಕ್ಕಿದೆ. ಹೋದದ್ದನ್ನ ವಾಪಸ್ ತರೋದಕ್ಕಿಲ್ಲ.”

ಗಂಡ ಟೈಲರ್. ಬೀದಿಯ ತಿರುವಿನಲ್ಲಿ, ಎರಡು ಮೆಷಿನ್ ಮತ್ತು ಒಂದು ಇಸ್ತ್ರಿ ಮೇಜು ಹಿಡಿಸುವಷ್ಟೇ ಅಂಗಡಿ. ಮನೆಗೆ ಬರುವ ದಾರಿಯಲ್ಲಿ ಅವನು ಅವಳ ಎಡಗೈಯನ್ನು ಹಿಡಿದುಕೊಂಡೇ ನಡೆದ. ಅವಳು ಬಿಡಿಸಿಕೊಂಡಳು. “ಬಿಡ್ರೀ, ಬಿದ್ದುಹೋಗಲ್ಲ ಅದು.”

ಕಚೇರಿಯಲ್ಲಿ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮರುದಿನವೇ ಸೆಟ್ಟಿಂಗ್ಸ್ ಫೈಲ್ ತೆರೆದು, ಕಂಟ್ರೋಲ್ ಕೀಯ ಕೆಲಸವನ್ನು ಸ್ಪೇಸ್ ಬಾರಿನ ಪಕ್ಕದ ಕೀಗೆ ಕೊಟ್ಟಳು. ಹೆಬ್ಬೆರಳಿಗೆ ಎಟುಕುವ ಜಾಗ. ಆ ಸಾಲಿನ ಮೇಲೆ, ಏಕೆ ಬದಲಿಸಿದೆ ಎಂದು ಪ್ರೋಗ್ರಾಮರುಗಳು ಬರೆದುಕೊಳ್ಳುವ ಟಿಪ್ಪಣಿಯ ಹಾಗೆ, ತಾರೀಖು ಹಾಕಿ ಬರೆದಳು: “ಎಡ ಕಿರುಬೆರಳು ಕೈಕೊಟ್ಟಿತು. ಅದರ ಕೆಲಸ ಹೆಬ್ಬೆರಳಿಗೆ ವರ್ಗ.” ಬರೆದು ಒಂದು ಕ್ಷಣ ನಕ್ಕಳೂ ಕೂಡ.

ಏಳು ತಿಂಗಳಿಗೆ ಎಡ ಉಂಗುರದ ಬೆರಳು. ಆಮೇಲೆ, ಅವಳು ಎಣಿಸದಿದ್ದ ಬಲಗೈಯ ಕಿರುಬೆರಳು. ಎರಡು ಕೀ ಒಟ್ಟಿಗೆ ಒತ್ತುವುದು ಆಗದಾದಾಗ, ಒಂದನ್ನು ಒತ್ತಿ ಬಿಟ್ಟು ನಂತರ ಇನ್ನೊಂದನ್ನು ಒತ್ತಿದರೂ ಸಾಕೆನ್ನುವ ಪ್ಲಗಿನ್ ಹುಡುಕಿದಳು. ಉದ್ದ ಪದ ಟೈಪ್ ಮಾಡಲಾಗದಾದಾಗ, ಎರಡಕ್ಷರ ಒತ್ತಿದರೆ ಇಡೀ ಸಾಲನ್ನೇ ಬರೆದುಕೊಡುವ ಮತ್ತೊಂದನ್ನು ಹಾಕಿಕೊಂಡಳು. ಅದಕ್ಕೆ ತನ್ನ ಸಾಲುಗಳನ್ನು ಕಲಿಸಲು ಒಂದು ತಿಂಗಳು ಹಿಡಿಯಿತು. ಪ್ರತಿ ಬಾರಿಯೂ ಫೈಲಿನಲ್ಲಿ ತಾರೀಖು ಹಾಕಿ ಒಂದು ಟಿಪ್ಪಣಿ ಬರೆಯುತ್ತಿದ್ದಳು. ಪ್ರತಿ ಬಾರಿಯೂ ಹೊಸ ಜಾಗಕ್ಕೆ ಬೆರಳು ಒಗ್ಗಿ, ಕೈ ಮತ್ತೆ ಓಡತೊಡಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಬೆರಳು ಹೋಗುತ್ತಿತ್ತು. ಓಡುವವಳ ಕಾಲಡಿಯಿಂದ ಯಾರೋ ನೆಲವನ್ನೇ ಮಡಚಿಕೊಂಡು ಬರುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು.

ಮನೆಯಲ್ಲಿ ಗಂಡ ಅವಳ ರವಿಕೆಗಳ ಹುಕ್ಕು ಬಿಚ್ಚಿ, ಅಂಟಿಸಿದರೆ ಹಿಡಿದುಕೊಳ್ಳುವ ಪಟ್ಟಿ ಹೊಲಿದ. ಚೀಲದ ಜಿಪ್ಪಿಗೆ ಬಟ್ಟೆಯ ಬಳೆ ಕಟ್ಟಿದ. ಒಂದು ಭಾನುವಾರ ಹಳೆಯ ಮೆಷಿನ್ನಿನ ಪೆಡಲ್ ತಂದು, ಗೆಳೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸುವ ವೈರ್ ಹಾಕಿಸಿ, ಅವಳ ಕಾಲಡಿ ಇಟ್ಟ.

“ಕೈ ಬೇಡ, ಕಾಲಲ್ಲಿ ಒತ್ತು. ನಾನು ದಿನಾ ಮಾಡೋದೂ ಇದೇ ತಾನೆ?”

ಅವಳು ಒತ್ತಿದಳು. ಫೈಲ್ ಸೇವ್ ಆಯಿತು. ಅವನು ಮಗುವಿನಂತೆ ಚಪ್ಪಾಳೆ ತಟ್ಟಿದ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

“ಹುಕ್ಕು ಆಯ್ತು, ಜಿಪ್ಪಾಯ್ತು, ಪೆಡಲ್ಲಾಯ್ತು. ಇನ್ನು ನನ್ನನ್ನೂ ಬಿಚ್ಚಿ ಹೊಸದಾಗಿ ಹೊಲಿದುಬಿಡ್ರೀ!”

ಅವನು ಪೆಡಲಿನ ವೈರನ್ನು ಕಾಲಿಗೆ ತೊಡರದಂತೆ ಮೇಜಿನ ಹಿಂದಕ್ಕೆ ಸರಿಸಿ, ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟುಹೋದ. ಭಾನುವಾರ ಅಂಗಡಿ ತೆರೆಯುವವನಲ್ಲ ಅವನು.

ಮೂರನೆಯ ವರ್ಷದ ಹೊತ್ತಿಗೆ ಬಲಗೈಯ ತೋರುಬೆರಳು ಮತ್ತು ಎರಡು ಹೆಬ್ಬೆರಳುಗಳು ಉಳಿದಿದ್ದವು. “ಇಷ್ಟೆಲ್ಲ ಓದಿ ಕೊನೆಗೆ ಹೆಬ್ಬೆಟ್ಟಿನವಳಾದೆ ನೋಡಿ” ಎಂದು ಅವಳು ಡಾಕ್ಟರ ಮುಂದೆ ಹೇಳಿದಳು. ಅವರು ನಗಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದು ನೋಡಿದರೆ ಎಡಿಟರ್ ತಾನಾಗಿಯೇ ಹೊಸ ಆವೃತ್ತಿಗೆ ಬದಲಾಗಿತ್ತು. ಎರಡಕ್ಷರಕ್ಕೆ ಇಡೀ ಸಾಲು ಬರೆದುಕೊಡುತ್ತಿದ್ದ ಪ್ಲಗಿನ್ ಕೆಲಸ ಮಾಡಲಿಲ್ಲ. ಪರದೆಯ ಮೂಲೆಯಲ್ಲಿ ಕೆಂಪಗೆ ಒಂದು ಗೆರೆ, ಅಷ್ಟೆ. ಅದನ್ನು ಬರೆದವನು ಎಲ್ಲೋ ದೂರದಲ್ಲಿದ್ದ, ಮುಖ ಕಾಣದ ಮನುಷ್ಯ. ತೋರುಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಅವನಿಗೆ ಪತ್ರ ಬರೆದಳು. ಕಾಯಿಲೆಯ ವಿಷಯ ಬರೆಯಲಿಲ್ಲ. ದಯವಿಟ್ಟು ಸರಿಪಡಿಸಿ, ನನಗೆ ತುಂಬ ಬೇಕು ಎಂದಷ್ಟೇ ಬರೆದಳು. ನಾಲ್ಕು ದಿನಕ್ಕೆ ಉತ್ತರ ಬಂತು: “ಕ್ಷಮಿಸಿ, ನಾನು ಪ್ರೋಗ್ರಾಂ ಬರೆಯುವುದು ಬಿಟ್ಟು ಎರಡು ವರ್ಷವಾಯಿತು. ಅದನ್ನು ಇನ್ನೂ ಯಾರಾದರೂ ಬಳಸುತ್ತಿದ್ದಾರೆಂದೇ ಗೊತ್ತಿರಲಿಲ್ಲ.”

ಬೇರೆ ದಾರಿಯಿಲ್ಲದೆ ಅವಳೇ ಅದನ್ನು ದುರಸ್ತಿ ಮಾಡಲು ಕೂತಳು. ಬೇಗ ಬರೆಯಲು ಆ ಪ್ಲಗಿನ್ ಬೇಕು; ಪ್ಲಗಿನ್ ಬೇಕೆಂದರೆ ಬರೆಯಬೇಕು. ಮೊದಲಾದರೆ ಅರ್ಧ ದಿನದ ಕೆಲಸ. ಹತ್ತೊಂಬತ್ತು ದಿನವಾಯಿತು. ಪ್ಲಗಿನ್ ಸರಿಹೋಯಿತು, ಆದರೆ ಅಷ್ಟೂ ದಿನ ವೇಳಾಪಟ್ಟಿಯ ಕೆಲಸ ಹಾಗೇ ಬಿದ್ದಿತ್ತು. ವಟವಟ ತನ್ನ ಕೆಲಸದ ಜೊತೆಗೆ ಅವಳದನ್ನೂ ಸದ್ದಿಲ್ಲದೆ ಮಾಡಿ ಅವಳ ಹೆಸರಿನಲ್ಲೇ ಸೇರಿಸುತ್ತಿದ್ದನೆಂದು ಅವಳಿಗೆ ಆಮೇಲೆ ತಿಳಿಯಿತು. ಅವನಿಗೆ ಯಾವಾಗಿನಿಂದ ಗೊತ್ತಿತ್ತೆಂದು ಅವಳು ಕೇಳಲಿಲ್ಲ. ಅಷ್ಟು ಮಾತಾಡುವವನು ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಮ್ಯಾನೇಜರ್ ಕರೆದರು. ಅವಳು ಎರಡೂ ಕೈಗಳನ್ನು ಅವರ ಮೇಜಿನ ಮೇಲಿಟ್ಟು ತೋರಿಸಿದಳು.

“ಮೂರು ವರ್ಷ ಕಣ್ಣೆದುರಿಗೇ ಕೂತಿದ್ದೀರಿ. ನನಗೆ ಗೊತ್ತೇ ಆಗಲಿಲ್ಲವಲ್ಲಮ್ಮಾ” ಎಂದು ಅವರು ತಲೆ ತಗ್ಗಿಸಿದರು. ಒಳ್ಳೆಯ ಮನುಷ್ಯ. ಮಾತನ್ನು ಕೇಳಿ ಬರೆದುಕೊಳ್ಳುವ ಸಾಫ್ಟ್‌ವೇರ್ ತರಿಸಿಕೊಟ್ಟರು.

ಮೂವತ್ತು ಜನ ಕೂತಿರುವ ಹಾಲ್. ಅವಳು ಮೈಕಿನ ಮುಂದೆ ಶುರುಮಾಡಿದಳು: “ಆವರಣ ತೆರೆ. ರೈಲು ಸಂಖ್ಯೆ. ಅಲ್ಪವಿರಾಮ. ಆವರಣ ಮುಚ್ಚು. ಅಲ್ಲ, ಅಳಿಸು. ಅಳಿಸು.” ಮೊದಲ ದಿನ ಒಂದಿಬ್ಬರು ತಿರುಗಿ ನೋಡಿದರು. ಎರಡನೆಯ ದಿನ ಯಾರೂ ನೋಡಲಿಲ್ಲ. ಆದರೆ ಅವಳು ಬಾಯಿ ತೆರೆದೊಡನೆ ಹಾಲ್‌ನಲ್ಲಿ ಕೀಬೋರ್ಡುಗಳ ಸದ್ದು ತಗ್ಗುತ್ತಿತ್ತು. ಆ ಮರ್ಯಾದೆಯೇ ಅವಳನ್ನು ಕೊಂದಿತು. ಮೂರನೆಯ ದಿನ ಮಧ್ಯಾಹ್ನ “ಅಳಿಸು” ಎಂದವಳು, ಅದು ಕೇಳಿಸಿಕೊಳ್ಳದಿದ್ದುದಕ್ಕೆ ಮತ್ತೆ “ಅಳಿಸು” ಎಂದು, ಆಮೇಲೆ ಕೂಗಿಯೇಬಿಟ್ಟಳು. ಮೈಕನ್ನು ಮೊಣಕೈಯಿಂದ ದೂರ ತಳ್ಳಿ, ಚೀಲದ ಬಟ್ಟೆಯ ಬಳೆಗೆ ಹೆಬ್ಬೆರಳು ತೂರಿಸಿ ಎಳೆದುಕೊಂಡು, ಮನೆಗೆ ಹೋದಳು. ಮುಂದಿನ ತಿಂಗಳು ಕೆಲಸ ಬಿಟ್ಟಳು.

ಕಚೇರಿಯ ಕಂಪ್ಯೂಟರ್ ಹಿಂತಿರುಗಿಸುವ ದಿನ, ಅಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಕೇಳಿದ. “ಮೇಡಂ, ಇಲ್ಲೊಂದು ದೊಡ್ಡ ಸೆಟ್ಟಿಂಗ್ಸ್ ಫೈಲ್ ಇದೆ. ಇಟ್ಕೋತೀರಾ?”

“ಯಾರಿಗೆ? ಅಳಿಸಿಬಿಡಿ.”

ಅವನು ಅಳಿಸಿದ. ವಟವಟ ಅದಕ್ಕೂ ಮೊದಲೇ ಅದರ ನಕಲು ಮಾಡಿಟ್ಟುಕೊಂಡಿದ್ದ.

ಅದಾದ ನಾಲ್ಕು ತಿಂಗಳಿಗೆ, ಒಂದು ಮಧ್ಯಾಹ್ನ ಅವನ ಫೋನ್ ಬಂತು. ಅಷ್ಟರಲ್ಲಿ ಹೆಬ್ಬೆರಳುಗಳೂ ಹೋಗಿದ್ದವು. ಗಂಡ ಊಟಕ್ಕೆ ಮನೆಗೆ ಬಂದಿದ್ದ. ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದಿಟ್ಟ.

“ಅಕ್ಕಾ, ಹೇಗಿದ್ದೀರಿ? ಬಯ್ಯಬೇಡಿ, ನಿಮ್ಮ ಫೈಲ್ ಕದ್ದಿದ್ದೀನಿ. ನನ್ನ ಎಡಿಟರಿಗೆ ಹಾಕ್ಕೊಂಡೆ. ಆದ್ರೆ ಒಂದು ಸಿಕ್ತಿಲ್ಲ. ಹಳೇ ವೇಳಾಪಟ್ಟಿ, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಇರೋ ಕಡೆಗೆ ಮಾತ್ರ ಹಾರ್ತಿದ್ರಲ್ಲ, ಅದಕ್ಕೆ ಮೂರು ನಾಲ್ಕು ಕೀ ಒಂದರ ಹಿಂದೊಂದು ಒತ್ತುತ್ತಿದ್ರಿ. ಯಾವುವು?”

“ಅದಾ? ಅದು ಸುಲಭ” ಎಂದಳು.

ಎಂದವಳ ಮಾತು ಅಲ್ಲೇ ನಿಂತಿತು. ಯಾವ ಕೀ ಎಂದು ಅವಳು ಎಂದೂ ನೆನಪಿಟ್ಟುಕೊಂಡವಳಲ್ಲ. ದಿನಕ್ಕೆ ನೂರು ಸಲ ಒತ್ತಿದ್ದಳು, ಒತ್ತುವುದು ಬೆರಳಿನ ಕೆಲಸವಾಗಿತ್ತು, ತಲೆಯದಲ್ಲ. ಬೆರಳನ್ನು ಕೇಳಿದರೆ ಹೇಳೀತು ಎಂದು ಎರಡೂ ಕೈಗಳನ್ನು ಊಟದ ಮೇಜಿನ ಮೇಲೆ, ಕೀಬೋರ್ಡಿನ ಮೇಲೆ ಇಟ್ಟಂತೆಯೇ ಇಟ್ಟಳು. ಕಣ್ಣು ಮುಚ್ಚಿಕೊಂಡು ಎರಡು ಪಟ್ಟಿಗಳನ್ನು ಮನಸ್ಸಿನಲ್ಲಿ ತೆರೆದಳು. ಮೊದಲು ಎಡಗೈ… ಎಡಗೈಯ ಯಾವ ಬೆರಳೂ ಕದಲಲಿಲ್ಲ. ಬಲಗೈಯ ತೋರುಬೆರಳು ಒಮ್ಮೆ ನಡುಗಿ ಸುಮ್ಮನಾಯಿತು.

“ಅಕ್ಕಾ? ಇದ್ದೀರಾ?”

“ನನಗೆ ಗೊತ್ತಿಲ್ಲಪ್ಪಾ.”

“ಅಯ್ಯೋ, ಪರವಾಗಿಲ್ಲ ಬಿಡಿ. ಫೈಲಲ್ಲೇ ಹುಡುಕ್ತೀನಿ. ಅದರಲ್ಲಿ ಮಧ್ಯೆ ಮಧ್ಯೆ ನೀವು ಬರೆದಿರೋ ಟಿಪ್ಪಣಿಗಳನ್ನೂ…” ಎಂದವನು ಅಲ್ಲಿಗೇ ನಿಲ್ಲಿಸಿ, ಊಟ ಆಯಿತಾ ಎಂದು ಕೇಳಿ, ಫೋನ್ ಇಟ್ಟ.

ಗಂಡ ತಟ್ಟೆಯಿಂದ ಒಂದು ತುತ್ತು ಎತ್ತಿ ಹಿಡಿದು ಕಾಯುತ್ತಿದ್ದ. “ಏನಾಯ್ತು?”

“ಏನಿಲ್ಲ.”

ಬಾಯಿ ತೆರೆದಳು. ಅವನು ತುತ್ತು ಇಟ್ಟ. ಅವಳು ಅಗಿಯಲಿಲ್ಲ. ಕೈಗಳು ಮೇಜಿನ ಮೇಲೆ ಹಾಗೆಯೇ ಇದ್ದವು.