ಸ್ಕೂಟರ್ ನಿಂತ ಜಾಗದಲ್ಲಿ ಎಷ್ಟು ಕಾಯಿ

ತುಮಕೂರು ಮರಳೂರಿನ ಗಂಗಾಧರನಿಗೆ ದೇವರು ಒಂದು ವಿದ್ಯೆ ಕೊಟ್ಟಿದ್ದ, ಒಂದು ಕಾಯಿಲೆಯನ್ನೂ ಕೊಟ್ಟಿದ್ದ. ವಿದ್ಯೆ ಅಂದರೆ, ಯಾವುದೇ ಖಾಲಿ ಜಾಗ ತೋರಿಸಿದರೂ ಅದರಲ್ಲಿ ಏನು ಎಷ್ಟು ಹಿಡಿಯುತ್ತದೆ ಅಂತ ನಿಂತಲ್ಲೇ ಹೇಳಿಬಿಡುವುದು. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನು ಸ್ಟೋರ್ ಕೀಪರ್. ಲಾರಿ ಬಂದು ನಿಂತರೆ, ಟಾರ್ಪಾಲಿನ ಹಗ್ಗ ಬಿಚ್ಚುವ ಮೊದಲೇ ಇಷ್ಟು ಪೆಟ್ಟಿಗೆ ಮೂರನೇ ರ‍್ಯಾಕಿಗೆ, ಮಿಕ್ಕಿದ್ದು ಬಾಗಿಲ ಪಕ್ಕಕ್ಕೆ ಅನ್ನುತ್ತಿದ್ದ. ಒಂದು ಪೆಟ್ಟಿಗೆ ಆಚೀಚೆ ಆಗುತ್ತಿರಲಿಲ್ಲ. ಕಾಯಿಲೆ ಅಂದರೆ ಹೊಟ್ಟೆಕಿಚ್ಚು. ಅದೂ ಎಲ್ಲರ ಮೇಲೂ ಅಲ್ಲ. ಪಕ್ಕದ ಮನೆಯವರು ಮೂರನೇ ಮಹಡಿ ಎಬ್ಬಿಸಿದಾಗ ಅವನೇ ನಿಂತು ಇಟ್ಟಿಗೆ ಇಳಿಸಿಕೊಟ್ಟಿದ್ದ. ತಮ್ಮ ಚನ್ನೇಶ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ ಮಾತ್ರ ಆವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ.

ಚನ್ನೇಶ ಕುಣಿಗಲ್ಲಿನಲ್ಲಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕೆಟ್ಟವನಾಗಿದ್ದರೆ ಗಂಗಾಧರನಿಗೆ ಎಷ್ಟೋ ಸುಲಭವಾಗುತ್ತಿತ್ತು. ಬೈದು ಸುಮ್ಮನಾಗಬಹುದಿತ್ತು. ಆದರೆ ಚನ್ನೇಶ ನಗುನಗುತ್ತಾ ಬರುವವನು, ಬರುವಾಗ ಕೈತುಂಬ ಏನಾದರೂ ತರುವವನು. ಚಿಕ್ಕಂದಿನಲ್ಲಿ ಅಪ್ಪ ಗುಬ್ಬಿ ಸಂತೆಗೆ ಹೊರಟರೆ ಚೇತಕ್ ಸ್ಕೂಟರಿನ ಮುಂದೆ ನಿಲ್ಲುತ್ತಿದ್ದವನು ಅವನೇ. ಹಿಂದಿನ ಸೀಟಿನಲ್ಲಿ ಅವ್ವ. ನೀನು ದೊಡ್ಡೋನಲ್ವಾ, ಮನೆ ನೋಡ್ಕೊ ಅಂತ ಗಂಗಾಧರನನ್ನು ಜಗಲಿ ಮೇಲೆ ಬಿಟ್ಟು ಹೋಗುತ್ತಿದ್ದರು. ಆಗ ಅವನಿಗೆ ಒಂಬತ್ತು ವರ್ಷ. ಆ ಸ್ಕೂಟರಿನ ಹೊಗೆ ಅವನ ಮೂಗಿನಿಂದ ಇನ್ನೂ ಹೋಗಿಲ್ಲ.

ಅಪ್ಪ ತೀರಿಕೊಂಡ ಮೇಲೆ ಆ ಸ್ಕೂಟರ್ ನನಗಿರಲಿ ಅಂತ ಚನ್ನೇಶ ಕೇಳಿದ. ಅವನು ಕೇಳಿದ ಅನ್ನುವ ಒಂದೇ ಕಾರಣಕ್ಕೆ ಗಂಗಾಧರ ಅದನ್ನು ಟೆಂಪೋಗೆ ಹಾಕಿಸಿಕೊಂಡು ಬಂದು ಮರಳೂರಿನ ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ನಿಲ್ಲಿಸಿದ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಿಕ್ ಹೊಡೆದಿಲ್ಲ. ಕಾರು ತಗೊಳ್ತೀವಿ ಅಂತ ಕಟ್ಟಿಸಿದ ಶೆಡ್ಡಿಗೆ ಕಾರೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಂದಿತ್ತು. ಕೆಟ್ಟ ಕೂಲರ್, ಮಗಳ ತೊಟ್ಟಿಲು, ಅರ್ಧಂಬರ್ಧ ಪೇಂಟಿನ ಡಬ್ಬಗಳು, ಹೆಂಡತಿ ದಾಕ್ಷಾಯಣಿಯ ಹಳೇ ಹೊಲಿಗೆ ಮಿಷನ್ನು, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದ ಚೇತಕ್.

ಈ ಬೇಸಿಗೆಯಲ್ಲಿ ಗುಬ್ಬಿ ಹತ್ತಿರದ ಹಳ್ಳಿಮನೆಯಲ್ಲಿ ಅಟ್ಟದ ತೊಲೆ ಮುರಿಯಿತು. ಗೆದ್ದಲು ತಿಂದಿತ್ತು. ಅವರ ಅವ್ವ ಹೊಂಬಾಳಮ್ಮನಿಗೆ ಎಪ್ಪತ್ತಾರು. ನೂರಿಪ್ಪತ್ತು ತೆಂಗಿನ ಮರದ ಒಡತಿ, ಜೀವಮಾನದಲ್ಲಿ ಹಸಿ ಕಾಯಿ ಮಾರಿದವಳಲ್ಲ. ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಅಷ್ಟು ತಿಂಗಳೂ ಅವಳು ದಿನಾ ಅಟ್ಟ ಹತ್ತಿ ಕೂತು, ಒಂದೊಂದನ್ನೇ ಕಿವಿ ಹತ್ತಿರ ಅಲ್ಲಾಡಿಸಿ, ಕೆಟ್ಟದ್ದನ್ನು ಆಚೆಗೆ ಹಾಕಿ, ಒಳ್ಳೆಯದನ್ನು ಮಗ್ಗುಲು ತಿರುಗಿಸಿ ಇಳಿಯುತ್ತಿದ್ದಳು. ಇನ್ನು ಈ ಮನೆ ರಿಪೇರಿ ಬೇಡ, ತೋಟವನ್ನು ದಾಯಾದಿ ಅಂಜಿನಪ್ಪ ನೋಡಿಕೊಳ್ಳಲಿ ಅಂತ ಅವಳೇ ತೀರ್ಮಾನ ಮಾಡಿ, ಇಬ್ಬರು ಮಕ್ಕಳನ್ನೂ ಕರೆಸಿ ಹೇಳಿದಳು.

"ನಾಕ್ ಸಾವ್ರ ಕಾಯಿ ಯಾರ್ ಮನೇಲಿ ಹಿಡೀತದೋ, ಅಲ್ಲೇ ನಾನೂ ಇರ್ತೀನಿ ಕಣ್ರಪ್ಪ."

ಆಮೇಲೆ ದೊಡ್ಡ ಮಗನ ಕಡೆ ತಿರುಗಿ, ಸ್ಟೋರಿನೋನು ನೀನೇ ಅಲ್ವಾ, ನಿಮ್ಮಿಬ್ಬರ ಮನೆ ಶೆಡ್ಡೂ ಅಳೆದು ನೀನೇ ಹೇಳು, ನಿನ್ನ ಮಾತೇ ಮಾತು ಅಂದಳು. ಗಂಗಾಧರನಿಗೆ ಅವ್ವ ಮೊದಲನೇ ಸಲ ತನ್ನನ್ನು ಜಗಲಿಯಿಂದ ಎಬ್ಬಿಸಿ ಗಾಡಿ ಹತ್ತಿಸಿದಂತಾಯಿತು.

ಭಾನುವಾರ ಕುಣಿಗಲ್ಲಿಗೆ ಹೋದ. ಚನ್ನೇಶನ ಹೆಂಡತಿ ಅನುಪಮಾ ಅಕ್ಕಿರೊಟ್ಟಿ ತಟ್ಟಿ ಕೊಟ್ಟಳು, ಸಾಲದು ಅಂತ ಮೇಲೆ ಬೆಣ್ಣೆ ಇಟ್ಟಳು. ಶೆಡ್ ನೋಡಿದ ಕೂಡಲೇ ಗಂಗಾಧರನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಹನ್ನೆರಡು ಅಡಿ ಅಗಲ, ಇಪ್ಪತ್ತೆರಡು ಉದ್ದ, ಎತ್ತರದ ಛಾವಣಿ, ಎರಡೂ ಪಕ್ಕ ಜಾಲಿ ಇಟ್ಟಿಗೆಯ ಗೋಡೆ. ಕೆರೆ ಕಡೆಯ ಗಾಳಿ ಈ ಕಡೆ ಹೊಕ್ಕು ಆ ಕಡೆ ಹೋಗುತ್ತಿತ್ತು. ಎರಡು ಅಂತಸ್ತಿನ ಅಟ್ಟಣೆ ಕಟ್ಟಿದರೆ ನಾಲ್ಕೂವರೆ ಸಾವಿರ ಆರಾಮಾಗಿ ಹಿಡಿಯುತ್ತದೆ ಅಂತ ಟೇಪು ಬಿಚ್ಚುವ ಮೊದಲೇ ಅವನಿಗೆ ಗೊತ್ತಾಯಿತು. ಆದರೂ ಅಳೆದ. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ನಿಂತವನು ಚನ್ನೇಶನೇ. ಅಣ್ಣ ಎಲ್ಲಿ ಒತ್ತು ಅಂದರೆ ಅಲ್ಲಿ ಹೆಬ್ಬೆಟ್ಟು ಒತ್ತಿ ಹಿಡಿದ.

ಅಷ್ಟು ಹೊತ್ತು ಅಳೆದು ಗಂಗಾಧರ ಅವ್ವನಿಗೆ ಫೋನಿನಲ್ಲಿ ಹೇಳಿದ್ದು ಬೇರೆ. ಕೆರೆ ಹತ್ತಿರದ ಮನೆ, ಥಂಡಿ ಏರುತ್ತೆ, ಎರಡು ಸಾವಿರ ಹಾಕಿದರೆ ಹೆಚ್ಚು ಅಂದ. ತನ್ನ ಶೆಡ್ಡಿಗೆ ನಾಲ್ಕು ಸಾವಿರ ಸಲೀಸು ಅಂದ. ಪಕ್ಕದಲ್ಲೇ ನಿಂತಿದ್ದ ಚನ್ನೇಶ ಶೆಡ್ಡನ್ನೊಂದು ಸಲ, ಅಣ್ಣನನ್ನೊಂದು ಸಲ ನೋಡಿ, ಅಣ್ಣ ಬಲ್ಲವನು, ಇರಬೇಕು ಅಂತ ತಲೆದೂಗಿದ. ಆ ತಲೆದೂಗಿದ್ದು ತುಮಕೂರಿನ ಬಸ್ಸಿನಲ್ಲಿ ಪೂರ್ತಿ ದಾರಿ ಗಂಗಾಧರನನ್ನು ಕುಟುಕಿತು. ಆದರೂ ಮಾತು ವಾಪಸ್ ತಗೊಳ್ಳಲಿಲ್ಲ.

ತನ್ನ ಶೆಡ್ಡಿನ ಲೆಕ್ಕವನ್ನು ಅವನು ಕಾರ್ಖಾನೆಯ ರೀತಿಯಲ್ಲೇ ಹಾಕಿದ್ದ. ಉದ್ದ, ಅಗಲ, ಎತ್ತರ ಗುಣಿಸಿ, ಒಂದು ಕಾಯಿ ಎಷ್ಟು ಜಾಗ ತಿನ್ನುತ್ತದೆ ಅಂತ ಭಾಗಿಸಿದ. ಹಳೇ ಸಾಮಾನೆಲ್ಲ ಟೆರೇಸಿಗೆ ಸಾಗಿಸಿದ, ಸ್ಕೂಟರನ್ನು ಮಾತ್ರ ಮುಟ್ಟಲಿಲ್ಲ. ಇದು ಪೆಟ್ಟಿಗೆ ಅಲ್ಲ ಕಣ್ರೀ, ತೆಂಗಿನಕಾಯಿ, ಮೊಣಕಾಲುದ್ದ ದಾಟಿದ್ರೆ ಅಡಿಗೆ ಗಾಳಿ ಆಡಲ್ಲ ಅಂತ ದಾಕ್ಷಾಯಣಿ ಒಂದು ಮಾತು ಅಂದಳು. ಅವಳ ತೌರಿನಲ್ಲೂ ಅಟ್ಟ ಇತ್ತು. ನಿನಗೇನು ಗೊತ್ತು ಸ್ಟೋರಿನ ಕೆಲಸ ಅಂತ ಅವಳ ಬಾಯಿ ಮುಚ್ಚಿಸಿದ.

ಕಾಯಿ ಬಂತು, ಜೊತೆಗೆ ಅವ್ವ ಬಂದಳು. ನೆಲದ ಮೇಲೆ ಎರಡಡಿ ಎತ್ತರಕ್ಕೆ ಸರ್ವೆ ಗಳ ಹಾಸಿ ಮಾಡಿದ ಅಟ್ಟಣೆಯ ಮೇಲೆ ಮೊಣಕಾಲುದ್ದ ಕಾಯಿ ಹರಡುವಷ್ಟರಲ್ಲಿ ಜಾಗ ಮುಗಿಯಿತು. ಇನ್ನೂ ಮುಕ್ಕಾಲು ಪಾಲು ಟ್ರ್ಯಾಕ್ಟರಿನಲ್ಲೇ ಇತ್ತು. ಬೀದಿಯವರು ನಿಂತು ನೋಡುತ್ತಿದ್ದರು. ಹಿಡಿಯಲಿಲ್ಲ ಅಂತ ಒಪ್ಪಿಕೊಳ್ಳುವುದು ಇಪ್ಪತ್ತಾರು ವರ್ಷದ ಸ್ಟೋರ್ ಕೀಪರನಿಗೆ ಆಗುವ ಮಾತೇ? ಎದೆಯುದ್ದ ಪೇರಿಸಿದ. ಆಮೇಲೆ ತಲೆಯುದ್ದ. ಓಡಾಡಲು ಬಿಟ್ಟಿದ್ದ ಸಂದಿಯಲ್ಲೂ ತುರುಕಿದ. ಕೊನೆಗೆ ಮೊಳಕೈಯಲ್ಲಿ ಕಾಯಿ ಒತ್ತಿ ಹಿಡಿದು ರೋಲಿಂಗ್ ಶಟರ್ ಎಳೆದ. ಹೇಳಿದ್ದ ಲೆಕ್ಕ ಸರಿಹೋಯಿತು.

ಮಾರನೇ ದಿನ ಹೊಂಬಾಳಮ್ಮ ಮಣೆ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಶಟರಿನ ಹೊರಗೆ ಮಣೆ ಹಾಕಿ ಕೂತು, ಕೈಗೆ ಸಿಕ್ಕಿದ ಹತ್ತಿಪ್ಪತ್ತು ಕಾಯಿ ಅಲ್ಲಾಡಿಸಿ ಎದ್ದು ಹೋದಳು. ದಿನವೂ ಅದೇ ಹತ್ತಿಪ್ಪತ್ತು. ಗಂಗಾಧರನಿಗೆ ಅದು ಕಾಣುತ್ತಿತ್ತು. ಆದರೆ ಅವ್ವ ನನ್ನ ಮನೇಲಿದಾಳೆ ಅಂತ ಫ್ಯಾಕ್ಟರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಚನ್ನೇಶ ಫೋನ್ ಮಾಡಿದರೆ ಅವ್ವ ಊಟಕ್ಕೆ ಕೂತಿದಾಳೆ, ಆಮೇಲೆ ಮಾಡು ಅನ್ನುತ್ತಿದ್ದ.

ಎರಡು ತಿಂಗಳಿಗೆ ವಾಸನೆ ಎದ್ದಿತು. ಅವ್ವ ಹೇಳಿ ಕಳಿಸಿದ್ದಕ್ಕೆ ಚನ್ನೇಶ ಒಂದು ಟೆಂಪೋ ಮಾಡಿಕೊಂಡೇ ಬಂದ. ಅಣ್ಣತಮ್ಮ ಇಬ್ಬರೂ ಬೆಳಗಿಂದ ಕಾಯಿ ಈಚೆಗೆ ತೆಗೆದರು. ಗಾಳಿ ತಾಗದೆ ಅಡಿಯಲ್ಲಿದ್ದ ಆರು ನೂರು ಕಾಯಿ ಕೊಳೆತು ಹೋಗಿದ್ದವು. ಹೊಂಬಾಳಮ್ಮ ಅಂಗಳದಲ್ಲಿ ಮಣೆ ಮೇಲೆ ಕೂತು ಒಂದೊಂದನ್ನೇ ಕಿವಿಗೆ ಹಿಡಿದು ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಒಂದು ಕಡೆ ಮಾಡಿದಳು. ಒಂದು ಬೈಗುಳವಿಲ್ಲ. ಬೈದಿದ್ದರೆ ಗಂಗಾಧರ ಬದುಕಿಕೊಳ್ಳುತ್ತಿದ್ದ. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಂಡು ಕೇಳಿದಳು.

"ಈಗ ದಿಟ ಹೇಳು ಗಂಗ. ನಿಂದು ಎಷ್ಟು ಹಿಡೀತದೆ? ಅವುಂದು ಎಷ್ಟು?"

ಗಂಗಾಧರ ನೆಲ ನೋಡಿಕೊಂಡು ನಿಂತ. "ನಂದು ಸಾವಿರದ ಇನ್ನೂರು. ಅವ್ನದು ನಾಲ್ಕೂವರೆ ಸಾವಿರ."

"ನೀನು ಎರಡು ಸಾವಿರ ಅಂದಿದ್ದೆ ಅಲ್ವಾ ಅಣ್ಣ?" ಅಂದ ಚನ್ನೇಶ. ಸಿಟ್ಟಿರಲಿಲ್ಲ, ಅರ್ಥವಾಗದೆ ಕೇಳಿದ.

"ಹೊಟ್ಟೆಕಿಚ್ಚು ಕಣೋ. ಇನ್ನೇನು."

ಚನ್ನೇಶ ಒಂದು ಕೊಳೆತ ಕಾಯನ್ನು ಕಾಲಿನಿಂದ ದೂರಕ್ಕೆ ಉರುಳಿಸಿದ. ಹೊಂಬಾಳಮ್ಮನಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. ಐವತ್ತು ವರ್ಷ ಅಟ್ಟ ತುಂಬಿದವಳಿಗೆ ಬಂದ ದಿನವೇ ಎಲ್ಲ ಗೊತ್ತಾಗಿರಬೇಕು. ಸಾವಿರದ ಇನ್ನೂರು ಇಲ್ಲಿರಲಿ, ಮಿಕ್ಕಿದ್ದು ಕುಣಿಗಲ್ಲಿಗೆ ಹೋಗಲಿ, ನಾನೂ ಕಾಯಿ ಲೆಕ್ಕದಲ್ಲೇ ಇರುತ್ತೀನಿ, ಇಲ್ಲಿ ನಾಲ್ಕು ತಿಂಗಳು ಅಲ್ಲಿ ಎಂಟು ಅಂದಳು.

ಟೆಂಪೋ ತುಂಬಿತು. ನಾಲ್ಕು, ಎಂಟು ಅನ್ನುವುದು ಗಂಗಾಧರನ ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ಮತ್ತೆ ಹೊಟ್ಟೆ ಉರಿಯಿತು, ನಾಚಿಕೆ ಮಾನ ಇಲ್ಲದೆ ಉರಿಯಿತು. ಬರಿದಾದ ಶೆಡ್ಡಿನೊಳಗೆ ಹೋಗಿ ಸುಮ್ಮನೆ ನಿಂತ. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದ ಚೇತಕ್ ಕಾಣಿಸಿತು. ಆರಡಿ ಉದ್ದ, ಹ್ಯಾಂಡಲ್ ಸೇರಿ ಎರಡೂವರೆ ಅಗಲ. ವಿದ್ಯೆ ಅವನ ಅಪ್ಪಣೆ ಕೇಳದೆ ತಾನೇ ಲೆಕ್ಕ ಹಾಕಿತು. ಹೊದಿಕೆ ಎಳೆದು ಹಾಕಿ, ಧೂಳು ಕೊಡವಿ, ಸ್ಕೂಟರನ್ನು ತಳ್ಳಿಕೊಂಡು ಈಚೆಗೆ ಬಂದ.

"ತಗೊಂಡು ಹೋಗೋ ಚನ್ನ. ಇದು ಹೋದ್ರೆ ಇನ್ನೂ ಇನ್ನೂರೈವತ್ತು ಹಿಡಿಯುತ್ತೆ."

ಚನ್ನೇಶ ಅಣ್ಣನ ಮುಖ ನೋಡಿದ, ಸ್ಕೂಟರಿನ ಮುಂದುಗಡೆ ತಾನು ನಿಲ್ಲುತ್ತಿದ್ದ ಜಾಗ ನೋಡಿದ. ಹೊಂಬಾಳಮ್ಮ ಬೆರಳು ಮಡಿಸಿ ಎಣಿಸಿ, ಹಂಗಾದ್ರೆ ಐದು ತಿಂಗ್ಳು ಅಂದಳು.

ಇನ್ನೂರೈವತ್ತು ಕಾಯಿ ಇಳಿಸಿಕೊಂಡು, ಆ ಜಾಗಕ್ಕೆ ಸ್ಕೂಟರ್ ಹತ್ತಿಸಿಕೊಂಡು ಟೆಂಪೋ ಹೊರಟಿತು. ಅವ್ವ ಡ್ರೈವರ್ ಪಕ್ಕ ಕೂತಳು. ಹಿಂದೆ ಕಾಯಿಗಳ ನಡುವೆ ಚನ್ನೇಶ ಸ್ಕೂಟರ್ ಅಲ್ಲಾಡದಂತೆ ಅದರ ಹ್ಯಾಂಡಲ್ ಹಿಡಿದು ನಿಂತಿದ್ದ, ನಲವತ್ತು ವರ್ಷದ ಹಿಂದೆ ನಿಂತಿದ್ದ ಹಾಗೆಯೇ. ಬೀದಿಯ ತಿರುವಿನವರೆಗೂ ನೋಡಿ ಗಂಗಾಧರ ಒಳಗೆ ಬಂದ. ಟೇಪು ತೆಗೆದು ಸ್ಕೂಟರ್ ನಿಂತಿದ್ದ ಜಾಗವನ್ನು ಅಳೆದ. ಹೇಳಿದ್ದು ಸರಿಯಾಗಿಯೇ ಇತ್ತು, ಇನ್ನೂರೈವತ್ತಕ್ಕೆ ಒಂದು ಕಡಿಮೆ ಇಲ್ಲ. ಆಮೇಲೆ ಅವ್ವ ಬಿಟ್ಟು ಹೋದ ಮಣೆಯನ್ನು ತಂದು ಅಟ್ಟಣೆಯ ಪಕ್ಕ ಇಟ್ಟು, ಅವಳು ಕಾಲು ಚಾಚುವಷ್ಟು ಜಾಗ ಬಿಟ್ಟು, ಮತ್ತೆ ಅಳೆದ. ಐವತ್ತು ಕಾಯಿ ಕಡಿಮೆಯಾಯಿತು. ಆ ಐವತ್ತನ್ನು ಮೂಟೆಗೆ ಹಾಕಿ, ನಾಳೆ ಬೆಳಗಿನ ಬಸ್ಸಿಗೆ ಕುಣಿಗಲ್ಲಿಗೆ ಹೋಗಿ ಕೊಟ್ಟು ಬರ್ತೀನಿ ಅಂತ ದಾಕ್ಷಾಯಣಿಗೆ ಹೇಳಿದ.