ಅಮೃತಶಿಲೆಯ ಮೇಲೆ ಅರಿಶಿನ

ಸ್ಯಾನ್ ಡಿಯಾಗೊದ ಆ ಹಳೇ ಹೋಟೆಲನ್ನು ‘ವೆಲ್‌ನೆಸ್ ಹೋಟೆಲ್’ ಮಾಡುತ್ತೇನೆಂದು ಒಡತಿ ಹೆಲೆನ್ ನಕ್ಷೆ ಬಿಚ್ಚಿದಾಗ, ಅನಸೂಯ ಧ್ಯಾನದ ಕೋಣೆಯತ್ತ ಕಣ್ಣು ಹಾಯಿಸಲಿಲ್ಲ. ನೆಲಮಾಳಿಗೆಗೆ ಇಳಿದು ತುಕ್ಕು ಹಿಡಿದ ಪೈಪು ನೋಡಿದಳು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ” ಎಂದು ಗೊಣಗಿ, ಮೊದಲು ಪೈಪು, ಆಮೇಲೆ ಧ್ಯಾನ ಎಂದು ಪಟ್ಟು ಹಿಡಿದಳು. ಗೆದ್ದಳು ಕೂಡ.

ಮೈಸೂರಿನಲ್ಲಿ ಸಿವಿಲ್ ಓದಿದವಳು. ಗಂಡನ ವೀಸಾದ ಮೇಲೆ ಬಂದು, ದುಡಿಯುವ ಹಕ್ಕಿಲ್ಲದೆ ಅದೇ ಊರಿನ ರಾಂಚೊ ಬರ್ನಾರ್ಡೊ ಬಡಾವಣೆಯ ಮನೆಯಲ್ಲಿ ವರ್ಷಗಟ್ಟಲೆ ಕೂತಿದ್ದಳು. ಗ್ರೀನ್ ಕಾರ್ಡ್ ಬಂದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ ಈ ದುರಸ್ತಿಯ ಉಸ್ತುವಾರಿ. ಇದನ್ನು ಕಳೆದುಕೊಂಡರೆ ಮತ್ತೆ ಅದೇ ಸೋಫಾ.

2016ರಲ್ಲಿ, ಹೋಟೆಲ್ ತೆರೆಯುವ ಹಿಂದಿನ ಸಂಜೆ, ಅಂಗಳದ ಕೊಳಕ್ಕೆ ನೀರು ಬಿಟ್ಟರು. ಅವತ್ತೇ ನೀರು ತುಂಬುವ ಹಬ್ಬ. ದೀಪಾವಳಿಗೆ ಹಂಡೆ ತಿಕ್ಕಿ, ಅರಿಶಿನದ ಪಟ್ಟೆ ಬಳಿದು, ನೀರು ತುಂಬಿ ಬೆಳೆದ ಕೈ ಸುಮ್ಮನಿರುತ್ತದೆಯೇ? ಎಲ್ಲರೂ ಹೊರಟರೆಂದುಕೊಂಡು ಅನಸೂಯ ಅರಿಶಿನ ಕಲಸಿ, ಕೊಳದ ಬಿಳಿ ಅಮೃತಶಿಲೆಯ ಅಂಚಿಗೆ ಪಟ್ಟೆ ಎಳೆದು, ಕೈಮುಗಿದು ಮನೆಗೆ ಹೋದಳು. ಹಂಡೆ ತಾಮ್ರದ್ದು, ಇದು ಬಣ್ಣ ಹೀರುವ ಕಲ್ಲು ಎಂಬುದು ಸಿವಿಲ್ ಓದಿದ ತಲೆಗೆ ಹೊಳೆಯಲೇ ಇಲ್ಲ!

ಬೆಳಿಗ್ಗೆ ಬಂದರೆ ಹೆಲೆನ್ ಕೆಂಡವಾಗಿದ್ದಳು. ಅವಳೆದುರು, ಕೊಳಕ್ಕೆ ಕಲ್ಲು ಕೂರಿಸಿದ ಕೆಲಸಗಾರ ರಮೀರೊ ತಲೆ ತಗ್ಗಿಸಿ ನಿಂತಿದ್ದ. “ಸಂಜೆ ಅತಿಥಿಗಳು ಬರ್ತಾರೆ. ಈ ಹಳದಿ ಕಲೆ ಏನು? ನಾಳೆಯಿಂದ ನೀನು ಬರೋದೇ ಬೇಡ,” ಎಂದು ಅವನ ಮೇಲೆ ಹರಿಹಾಯುತ್ತಿದ್ದಳು.

ಅನಸೂಯ ಇಬ್ಬರ ನಡುವೆ ಬಂದು ನಿಂತಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಹೆಲೆನ್, ಅದು ನಾನು ಮಾಡಿದ್ದು. ನಮ್ಮ ಹಬ್ಬ. ರಮೀರೊದು ಏನೂ ತಪ್ಪಿಲ್ಲ. ಕೊಳದ ಮೇಲೆ ನೆರಳಿಗೆ ಕಟ್ಟಿದ ಬಟ್ಟೆ ಚಪ್ಪರ ತೆಗೆಸಿ, ಅರಿಶಿನ ಬಿಸಿಲಿಗೆ ನಿಲ್ಲಲ್ಲ.”

“ಹೋಗದಿದ್ದರೆ?”

“ನಾನು ಹೋಗ್ತೀನಿ.”

ಚಪ್ಪರ ಸರಿಯಿತು. ಅನಸೂಯ ಒದ್ದೆ ಬಟ್ಟೆಯಿಂದ ಒರೆಸುತ್ತ ಕೊಳದ ಬಳಿಯೇ ಕೂತಳು. ಅವಳ ಮೈಸೂರಿನ ಮನೆಯಲ್ಲಿ ಸೀರೆಗಂಟಿದ ಅರಿಶಿನವನ್ನು ತೆಗೆದದ್ದೂ ಇದೇ ಬಿಸಿಲು. ಮಧ್ಯಾಹ್ನ ದಾಟುವಾಗ ಕಲ್ಲು ಬೆಳ್ಳಗಾಗಿತ್ತು. ಹೆಲೆನ್ ಬಗ್ಗಿ ನೋಡಿದಳು. ರಮೀರೊಗೆ ಕ್ಷಮೆ ಕೇಳಿದಳು, ಅನಸೂಯಳಿಗೆ “ಸಂಜೆ ನನ್ನ ಪಕ್ಕದಲ್ಲೇ ನಿಲ್ಲಬೇಕು” ಅಂದಳು.

ಹೆಲೆನ್ ಹೋದ ಮೇಲೆ ಅನಸೂಯ ರಮೀರೊ ಕಡೆ ತಿರುಗಿದಳು. “ಕ್ಷಮಿಸಪ್ಪ. ನನ್ನಿಂದ ನೀನು ಬೈಸಿಕೊಂಡೆ.”

“ನಿನ್ನೆ ಸಂಜೆ ನಾನಿಲ್ಲೇ ಕಂಬದ ಹಿಂದೆ ಸಾಮಾನು ಕಟ್ಟುತ್ತಿದ್ದೆ ಮೇಡಂ,” ಎಂದ ರಮೀರೊ. “ಕೈಮುಗಿದು ನಿಂತವರ ಮೇಲೆ ದೂರು ಹೇಳೋದು ಹೇಗೆ?”